ಎರಡನೇ ಡಬ್ಬ

ನವೆಂಬರಿನಲ್ಲಿ ಎರಡು ದಿನ ರಜೆ ಹಾಕಿ ಬೆಂಗಳೂರಿನಿಂದ ಊರಿಗೆ ಹೋಗಿದ್ದೆ. ತೀರ್ಥಹಳ್ಳಿ ಹತ್ತಿರ ನಮ್ಮನೆ. ಒಳಗೆ ಹೋಗೋಣ ಅಂದರೆ ಜಗುಲಿಯಲ್ಲಿ ಕಾಲಿಡಲು ಜಾಗವಿಲ್ಲ. ಉದುರಿಸಿದ ಹಸಿ ಅಡಿಕೆ ಗೋಡೆಯ ಅರ್ಧದವರೆಗೂ ರಾಶಿ ಬಿದ್ದಿತ್ತು.

ಹಿಂದಿನ ದಿನವಷ್ಟೇ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಬಂದು ಕೊಯ್ದು ಹೋಗಿದ್ದರು. ಸುಲಿಯುವ ಮೆಷಿನ್ನಿನ ಮೋಟಾರು ಅದೇ ರಾತ್ರಿ ಸುಟ್ಟಿತ್ತು. ಆ ವಾರ ಊರಿನ ಎಲ್ಲರ ಮನೆಯಲ್ಲೂ ಕೊಯ್ಲು, ಸುಲಿಯೋಕೆ ಜನ ಎಲ್ಲಿಂದ ಸಿಗಬೇಕು? ಹಾಗಂತ ಕಾಯಲೂ ಆಗುವುದಿಲ್ಲ. ಕೊಯ್ದ ಕಾಯಿ ರಾಶಿಯಲ್ಲೇ ಬಿದ್ದಿದ್ದರೆ ಬಿಸಿಯಾಗುತ್ತದೆ, ಬಣ್ಣ ಕೆಡುತ್ತದೆ. ಮಳೆಗಾಲದಲ್ಲಿ ಕೊಳೆ ರೋಗ ಬಾರದಿರಲಿ ಅಂತ ಎರಡು ಸಲ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸಿ ಉಳಿಸಿಕೊಂಡ ಬೆಳೆ ಅದು. ಬೆಳಗಿನ ಜಾವ ಅಡಿಕೆ ಬೇಯಿಸೋ ಹಂಡೆಗೆ ಬೆಂಕಿ ಹಾಕುವಷ್ಟರಲ್ಲಿ ಪೂರ್ತಿ ಸುಲಿದಿರಬೇಕು ಅಂದರು ಅಪ್ಪ. ಸುಲಿದ ಅಡಿಕೆಗೆ ನಮ್ಮಲ್ಲಿ ಡಬ್ಬವೇ ಅಳತೆ. ಅವರ ಅಂದಾಜಿನಲ್ಲಿ 14 ಡಬ್ಬ.

‘ಎರಡು ಡಬ್ಬ ನಂದು’ ಅಂದೆ. ಚಿಕ್ಕವಳಿದ್ದಾಗ ಸುಲಿದು ಅಭ್ಯಾಸವಿತ್ತಲ್ಲ, ಆ ಧೈರ್ಯ. ದೊಡ್ಡಮ್ಮ ನಾಲ್ಕು, ಅಮ್ಮ ಮೂರು, ಪಕ್ಕದ ಮನೆ ಅಕ್ಕ ಮೂರು, ಅಪ್ಪ ಎರಡು ಅಂತ ಲೆಕ್ಕವಾಯಿತು.

ಊಟ ಮುಗಿಸಿ ಎರಡು ಗಂಟೆಗೆ ಮೆಟ್ಟುಗತ್ತಿ ಹಾಕಿಕೊಂಡು ಕೂತೆವು. ಮರದ ಹಲಗೆಗೆ ಸಿಕ್ಕಿಸಿದ ಬಾಗಿದ ಕತ್ತಿ, ಹಲಗೆ ಅಲ್ಲಾಡದಂತೆ ಕಾಲಲ್ಲಿ ಮೆಟ್ಟಿ ಹಿಡಿಯಬೇಕು. ಕಾಯಿಯನ್ನು ಅಲಗಿಗೆ ಒತ್ತಿ, ಸಿಪ್ಪೆ ಸೀಳಿ, ತಿರುಗಿಸಿ, ಒಳಗಿನ ಅಡಿಕೆಯನ್ನು ಬುಟ್ಟಿಗೆ ಹಾಕಬೇಕು. ಹೇಳೋಕೆ ಇಷ್ಟೇ. ಒಂದು ಡಬ್ಬ ತುಂಬಲು ಇದನ್ನು ಸಾವಿರ ಸಲಕ್ಕಿಂತ ಜಾಸ್ತಿ ಮಾಡಬೇಕು.

ಸಂಜೆ ಏಳಕ್ಕೆ ಮೊದಲ ಡಬ್ಬ ತುಂಬಿದಾಗ ಖುಷಿಯಾಗಿತ್ತು. ಕಷ್ಟ ಶುರುವಾಗಿದ್ದು ಅದಾದ ಮೇಲೆ. ಹಸಿ ಅಡಿಕೆಯ ಒಗರು ರಸ, ಅಂದರೆ ಚೊಗರು, ಹತ್ತಿ ಎರಡೂ ಕೈ ಕಪ್ಪಾಗಿದ್ದವು. ಬೆರಳಿಗೆ ಸುತ್ತಿದ ಬಟ್ಟೆ ಒದ್ದೆಯಾಗಿ ಜಾರುತ್ತಿತ್ತು. ಹತ್ತು ಗಂಟೆಗೆ ಹೆಬ್ಬೆರಳಿಗೆ ಅಲಗು ತಾಗಿತು. ಸಣ್ಣ ಗಾಯ, ಆದರೆ ಚೊಗರು ತಾಗಿದಾಗೆಲ್ಲ ಚುರುಕ್ ಅನ್ನುತ್ತಿತ್ತು. ಸೊಂಟ ನನ್ನದೇ ಅನ್ನಿಸುತ್ತಿರಲಿಲ್ಲ. ರಾಶಿ ನೋಡಿದರೆ ಒಂದು ಕಾಯಿಯೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಒಂದು ಕ್ವಿಂಟಲ್ ಹಸಿ ಅಡಿಕೆ ಬೆಂದು ಒಣಗಿದ ಮೇಲೆ ಸಿಗುವುದು 12–13 ಕೆಜಿ. ಆ ಲೆಕ್ಕ ಆ ಹೊತ್ತಿಗೆ ನೆನಪಾಗಬಾರದಿತ್ತು, ನೆನಪಾಯಿತು.

ನಾಳಿದ್ದು ಬೆಳಿಗ್ಗೆ ಆಫೀಸು, ಕೈಗೆ ಗಾಯ, ಇಷ್ಟು ಸಾಕಲ್ವಾ? ಯಾರೂ ಏನೂ ಅನ್ನುತ್ತಿರಲಿಲ್ಲ. ಅಮ್ಮ ಆಗಲೇ ಎರಡು ಸಲ ‘ಹೋಗಿ ಮಲ್ಕೊ’ ಅಂದಾಗಿತ್ತು. ಹನ್ನೊಂದರ ಹೊತ್ತಿಗೆ ಎದ್ದೆ. ಕೈ ತೊಳೆಯೋಕೆ ಅಂತ ಹೇಳಿ ಬಚ್ಚಲಿಗೆ ಹೋದೆ. ವಾಪಸ್ ಬರುವ ಮನಸ್ಸಿರಲಿಲ್ಲ.

ಬಚ್ಚಲಲ್ಲಿ ನಿಂತಾಗ ಜಗುಲಿಯ ಸದ್ದು ಕೇಳಿಸಿತು. ಚರಕ್, ಚರಕ್, ಟಪ್. ಅಪ್ಪನದು ನಿಧಾನ. ಪಕ್ಕದ ಮನೆ ಅಕ್ಕನದು ಬಿರುಸು. ದೊಡ್ಡಮ್ಮನದು ಗಡಿಯಾರದ ಹಾಗೆ. ಅಮ್ಮನದು ನಡುನಡುವೆ ನಿಲ್ಲುತ್ತಿತ್ತು, ಅವಳಿಗೆ ಮಣಿಕಟ್ಟು ನೋವು. ಚಿಕ್ಕಂದಿನಲ್ಲಿ ಕಂಬಳಿ ಹೊದ್ದು ಇದೇ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಆಗ ಯಾರ ಕೈ ನೋಯುತ್ತಿದೆ ಅಂತ ಯೋಚಿಸಿಯೇ ಇರಲಿಲ್ಲ. ನಾನು ಮಲಗಿದರೆ ನನ್ನ ಪಾಲು ಯಾರಿಗೆ ಹೋಗುತ್ತದೆ ಅಂತಲೂ ಆ ಸದ್ದಿನಲ್ಲೇ ಗೊತ್ತಾಯಿತು. ಅಮ್ಮನಿಗೆ.

ವಾಪಸ್ ಬಂದು ಕೂತೆ. ದೊಡ್ಡಮ್ಮ ತಲೆ ಎತ್ತಲಿಲ್ಲ. ಕೊಬ್ಬರಿ ಎಣ್ಣೆ ಬಟ್ಟಲನ್ನು ನನ್ನ ಕಡೆ ತಳ್ಳಿ, ‘ಕೈಗೆ ಹಚ್ಕೊ ಮಗಾ, ಚೊಗರು ಅಷ್ಟು ಹಿಡಿಯಲ್ಲ’ ಅಂದರು. ಸ್ವಲ್ಪ ಹೊತ್ತು ನನ್ನ ಕೈ ನೋಡಿದರು. ‘ನೀ ಜಾಸ್ತಿ ಒತ್ತುತ್ತೀಯ. ಕತ್ತಿ ಅದರ ಕೆಲಸ ಮಾಡುತ್ತೆ, ನೀ ಕಾಯಿ ತಿರುಗಿಸು ಸಾಕು.’ ಒಂದು ಕಾಯಿ ಸುಲಿದು ತೋರಿಸಿದರು. ಅವರ ಬೆರಳು ಅಲಗಿನ ಹತ್ತಿರ ಹೋಗುತ್ತಲೇ ಇರಲಿಲ್ಲ. ಮಣಿಕಟ್ಟು ಒಂದು ಸಲ ಹೊರಳಿದರೆ ಸಿಪ್ಪೆ ಬೇರೆ, ಅಡಿಕೆ ಬೇರೆ. ಮಧ್ಯಾಹ್ನದಿಂದ ನಾನು ಸುಮ್ನೆ ಬಲ ಹಾಕುತ್ತಿದ್ದೆ.

ಆಮೇಲೆ ಸಲೀಸಾಯಿತು ಅಂತ ಹೇಳಲಾರೆ. ನೋವು ಹಾಗೇ ಇತ್ತು. ಆದರೆ ನನ್ನ ಕತ್ತಿಯ ಸದ್ದು ಉಳಿದವರ ಸದ್ದಿನ ಜೊತೆ ಸೇರಿಕೊಂಡಿತು. ಅದು ನಿಲ್ಲಬಾರದು ಅನ್ನೋದೊಂದೇ ತಲೆಯಲ್ಲಿ. ಹನ್ನೆರಡಕ್ಕೆ ಅಪ್ಪ ಬೆಲ್ಲದ ಕಾಫಿ ಮಾಡಿಕೊಂಡು ಬಂದರು. ಲೋಟ ಹಿಡಿಯೋಕೂ ಬೆರಳು ಮಡಚುತ್ತಿರಲಿಲ್ಲ, ಎರಡೂ ಅಂಗೈಯಲ್ಲಿ ಹಿಡಿದು ಕುಡಿದೆ.

ಒಂದೂವರೆಗೆ ರಾಶಿ ಮುಗಿಯಿತು. ನನ್ನ ಎರಡನೇ ಡಬ್ಬ ಬಾಯಿಗೆ ನಾಲ್ಕು ಬೆರಳು ಕಡಿಮೆಯಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ಟಾರ್ಚ್ ಹಿಡಿದು ಸಿಪ್ಪೆ ಗುಡ್ಡೆ ಕೆದಕಿದೆ. ಸುಲಿಯದೆ ಜಾರಿಹೋದ ಕಾಯಿಗಳು ಅದರೊಳಗೆ ಎಷ್ಟೋ ಇದ್ದವು. ಪಕ್ಕದ ಮನೆ ಅಕ್ಕನೂ ಜೊತೆಗೆ ಹೆಕ್ಕಿದಳು. ಒಂದೊಂದೇ ಸುಲಿದು ಹಾಕುತ್ತಾ ಹೋದೆ.

ಅಪ್ಪ ಅಂಗೈಯಿಂದ ಡಬ್ಬದ ಬಾಯಿ ಸವರಿ ನೋಡಿದರು. ಸುಲಿದವರ ಲೆಕ್ಕ ಬರೆಯುವ ಹಳೆಯ ನೋಟ್‌ಬುಕ್ ಗೂಡಿನಲ್ಲಿತ್ತು. ಅಮ್ಮ ಅದನ್ನು ತೆಗೆದು, ಎಲ್ಲರ ಹೆಸರಿನ ಕೆಳಗೆ ನನ್ನ ಹೆಸರು ಬರೆದಳು. ಮುಂದೆ 2 ಅಂತ ಹಾಕಿದಳು. ಹೊರಗೆ ಅಪ್ಪ ಆಗಲೇ ಹಂಡೆಯ ಒಲೆಗೆ ಕಟ್ಟಿಗೆ ಜೋಡಿಸುತ್ತಿದ್ದರು.