ಹಳೆಯ ಚುನಾವಣಾ ಸಮೀಕ್ಷೆ, ದುರ್ಗದ ತರಗತಿ: ಈವರೆಗೆ ಆದ ಕೆಲಸ

1971ರ ಫೈಲು ಕೊನೆಗೂ ಪಾಠಕ್ಕೆ ಒದಗುವ ಹದಕ್ಕೆ ಬಂದಿದೆ. ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್ 1967ರಲ್ಲಿ ಆರಂಭಿಸಿದ ರಾಷ್ಟ್ರೀಯ ಚುನಾವಣಾ ಅಧ್ಯಯನಗಳಲ್ಲಿ 1971 ಮತ್ತು 1996ರವನ್ನು ಆರಿಸಿಕೊಂಡು, ಚಿತ್ರದುರ್ಗದ ನಮ್ಮ ಪದವಿ ವಿದ್ಯಾರ್ಥಿಗಳಿಗೆ ಚುನಾವಣೆಯನ್ನು ಮತದಾರರ ಉತ್ತರಗಳಿಂದಲೇ ಓದಿಸಬೇಕೆಂದು ಹೊರಟಿದ್ದೇನೆ. ಯಾರು ಗೆದ್ದರು ಎಂಬುದು ಆಯೋಗದ ವರದಿಯಲ್ಲಿ ಸಿಗುತ್ತದೆ. ಗೆಲ್ಲಿಸಿದವರು ಯಾವ ವಯಸ್ಸಿನವರು, ಎಷ್ಟು ಓದಿದವರು, ಯಾರ ಮಾತು ಕೇಳಿ ಮತ ಹಾಕಿದರು ಎಂಬುದಕ್ಕೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ ಸಮೀಕ್ಷೆಯೇ ಬೇಕು.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕಿಅಂಶಗಳನ್ನು ವಿಶ್ಲೇಷಿಸುವ ಪಿಎಸ್‌ಪಿಪಿ ಉಚಿತವಾಗಿ ಸಿಗುತ್ತದೆ, ಕಾಲೇಜಿನ ಹಳೆಯ ಕಂಪ್ಯೂಟರುಗಳಲ್ಲೂ ಓಡುತ್ತದೆ. ಅಷ್ಟು ಸಾಕು.

ಮೊದಲ ತರಗತಿಯಲ್ಲಿ ಶೇಕಡಾವಾರು ಲೆಕ್ಕವನ್ನು ಮುಟ್ಟಲೇ ಇಲ್ಲ. ಪರದೆಯ ಮೇಲೆ ಅಂಕಿಗಳ ಒಂದೇ ಒಂದು ಸಾಲನ್ನು ತೋರಿಸಿ, ಯಾವ ಅಂಕಿ ಯಾವ ಉತ್ತರಕ್ಕೆ ಎಂದು ತಿಳಿಸುವ ಕೋಡ್‌ಬುಕ್ ಕೈಗೆ ಕೊಟ್ಟು, ‘ಈ ಅಂಕಿಗಳ ಹಿಂದೆ ಇರುವ ಮನುಷ್ಯ ಯಾರು?’ ಎಂದು ಕೇಳಿದೆ. ಒಂದೊಂದೇ ಅಂಕಣವನ್ನು ಬಿಡಿಸುತ್ತ ಹೋದಂತೆ ವಯಸ್ಸು, ಶಾಲೆ, ಕಸುಬು, ಮತ ಎಲ್ಲವೂ ಒಬ್ಬ ವ್ಯಕ್ತಿಯಾಗಿ ಕೂಡಿಕೊಂಡವು. ಉತ್ತರ ಸಿಗದ ಕಡೆ 98, 99 ಎಂದು ತುಂಬುವುದು ಇಂಥ ಫೈಲುಗಳಲ್ಲಿ ರೂಢಿ. ಅದನ್ನು ಬದಿಗಿಡದೆ ಸರಾಸರಿ ವಯಸ್ಸು ತೆಗೆದರೆ ಮತದಾರರೆಲ್ಲ ಒಮ್ಮೆಲೇ ಮುದುಕರಾಗುತ್ತಾರೆ ಎಂಬುದನ್ನು ಅವರೇ ಕಂಡುಹಿಡಿದರು.

1971ರ ಫೈಲಿನಲ್ಲಿ ರಾಜ್ಯದ ಹೆಸರು ಮೈಸೂರು. ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಆಗ ದಾವಣಗೆರೆಗೆ ಪ್ರತ್ಯೇಕ ಲೋಕಸಭಾ ಕ್ಷೇತ್ರವಿರಲಿಲ್ಲ, ಅದು ಬಂದದ್ದು 1977ರಲ್ಲಿ; ಜಿಲ್ಲೆಯಾದದ್ದು 1997ರಲ್ಲಿ. ಮತದಾನದ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ. ಹಾಗಾಗಿ ‘25ರ ಒಳಗಿನವರು’ ಎಂಬ ಗುಂಪನ್ನು 1971 ಮತ್ತು 1996ರ ನಡುವೆ ನೇರವಾಗಿ ಹೋಲಿಸಲು ಬರುವುದಿಲ್ಲ. ಎರಡೂ ಕಡೆ 21ರಿಂದಲೇ ಎಣಿಸಬೇಕು.

ಹೆಚ್ಚು ಹೊತ್ತು ಹಿಡಿದದ್ದು ಕಾಂಗ್ರೆಸ್. 1971ರಲ್ಲಿ ಅದು ಎರಡು ಪಕ್ಷ. ಒಂದು ತಂಡ ಎರಡನ್ನೂ ಕೂಡಿಸಿ ಕೋಷ್ಟಕ ಮಾಡಿತ್ತು. ‘ಎರಡೂ ಕಾಂಗ್ರೆಸ್ಸೇ ಅಲ್ಲವೇ ಮೇಡಂ?’ ಎಂದು ಕೇಳಿದರು. ಕಂಪ್ಯೂಟರು ಬಿಟ್ಟು 1969ರ ಕಥೆ ಹೇಳಿದೆ. ಇದೇ ದುರ್ಗದಲ್ಲಿ ವಕೀಲಿಕೆ ಮಾಡಿ, ಮುಖ್ಯಮಂತ್ರಿಯಾಗಿ, ಎಐಸಿಸಿ ಅಧ್ಯಕ್ಷರೂ ಆದ ಎಸ್. ನಿಜಲಿಂಗಪ್ಪನವರು ಆ ವರ್ಷದ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದರು, ಪಕ್ಷ ಒಡೆಯಿತು. 1971ರಲ್ಲಿ ಇಂದಿರಾ ಬಣದ ಚಿಹ್ನೆ ಹಸು-ಕರು, ಎದುರು ಬಣದ್ದು ಚರಕ ನೂಲುವ ಹೆಣ್ಣುಮಗಳು. ಮೈಸೂರು ರಾಜ್ಯದ 27 ಸ್ಥಾನಗಳೂ ಹಸು-ಕರುವಿಗೇ ಹೋದವು. ಈ ಎರಡನ್ನು ಕೂಡಿಸಿದರೆ ಎದುರೆದುರು ನಿಂತು ಸೆಣಸಿದವರನ್ನು ಒಂದೇ ಪಾಳೆಯಕ್ಕೆ ತಳ್ಳಿದಂತಾಗುತ್ತದೆ. ಈ ಊರಿನ ಮಕ್ಕಳು ಇದನ್ನು ತಿಳಿಯದೆ ಪದವಿ ಮುಗಿಸಬಾರದು ಎಂಬುದು ನನ್ನ ಹಟ. ಆ ತಂಡ ಕೋಷ್ಟಕವನ್ನು ಮತ್ತೆ ಮಾಡಿತು. ಹಿರಿಯೂರಿನ ಹುಡುಗಿಯೊಬ್ಬಳು ಮನೆಗೆ ಹೋಗಿ ಅಜ್ಜನನ್ನು ಕೇಳಿ ಬಂದು, ಅವರು ಪಕ್ಷದ ಹೆಸರನ್ನೇ ಎತ್ತದೆ ಎಲ್ಲವನ್ನೂ ಚಿಹ್ನೆಯಲ್ಲೇ ಹೇಳಿದರು ಎಂದಳು. ಅದನ್ನು ಟಿಪ್ಪಣಿಗೆ ಸೇರಿಸಿಕೊಂಡಿದ್ದೇವೆ.

‘ನಮ್ಮ ದುರ್ಗದ್ದು ಎಷ್ಟು?’ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಏಳುತ್ತದೆ. ಇಡೀ ದೇಶಕ್ಕೆಂದು ಆರಿಸಿದ ಮಾದರಿಯಲ್ಲಿ ಒಂದು ಜಿಲ್ಲೆಯ ಪಾಲಿಗೆ ಬರುವವರು ಬೆರಳೆಣಿಕೆಯಷ್ಟು, ಕೆಲವೊಮ್ಮೆ ಯಾರೂ ಇರುವುದಿಲ್ಲ. ಸಾವಿರ ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದರೂ ಶೇ 3ರಷ್ಟು ಆಚೀಚೆ ಆಗಬಹುದು. ನೂರು ಜನರಾದರೆ ಆ ಅಂತರ ಶೇ 10ಕ್ಕೆ ಹೋಗುತ್ತದೆ. ಊರಿನ ಮೇಲಿನ ಅಭಿಮಾನಕ್ಕಾಗಿ ಇಲ್ಲದ ಅಂಕಿಯನ್ನು ಹುಟ್ಟಿಸುವುದು ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ್ದೇನೆ.

ಕಳೆದ ವಾರ ಡಬ್ಬಿಯ ಪ್ರಯೋಗ ನಡೆಯಿತು. ಮತ ಹಾಕದವರೂ ಹಾಕಿದೆವು ಎನ್ನುವುದು, ಸೋತವರಿಗೆ ಹಾಕಿದವರು ಗೆದ್ದವರ ಹೆಸರು ಹೇಳುವುದು ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಕಂಡ ಸಂಗತಿ. ಅದಕ್ಕೇ ಸಿಎಸ್‌ಡಿಎಸ್‌ನ ಚುನಾವಣಾ ಅಧ್ಯಯನ ವಿಭಾಗವಾದ ಲೋಕನೀತಿಯವರು ಮತದಾನೋತ್ತರ ಸಮೀಕ್ಷೆಯಲ್ಲಿ ಅಣಕು ಮತಪತ್ರ ಕೊಟ್ಟು, ಗುರುತು ಹಾಕಿ ಪೆಟ್ಟಿಗೆಗೆ ಹಾಕಲು ಹೇಳುತ್ತಾರೆ. ನಾವು ಪಕ್ಷದ ವಿಷಯಕ್ಕೆ ಹೋಗಲಿಲ್ಲ. 2024ರ ಲೋಕಸಭೆಗೆ ಮತ ಹಾಕಿದ್ದಿರಾ ಎಂದಷ್ಟೇ ಆಗ ಮತದಾನದ ಹಕ್ಕಿದ್ದವರನ್ನು ಮೊದಲು ಕೈ ಎತ್ತಿಸಿ, ಆಮೇಲೆ ಹೆಸರಿಲ್ಲದ ಚೀಟಿ ಬರೆದು ಡಬ್ಬಿಗೆ ಹಾಕಿಸಿ ಕೇಳಿದೆ. ದುರ್ಗದವರಿಗೆ ಏಪ್ರಿಲ್ 26, ಜಗಳೂರಿನ ಕಡೆಯವರಿಗೆ ಮೇ 7 ಎಂದು ದಿನ ಬೇರೆಬೇರೆ ಇದ್ದದ್ದರಿಂದ ಎರಡನ್ನೂ ಹಲಗೆಯ ಮೇಲೆ ಬರೆದಿದ್ದೆ. ಎತ್ತಿದ ಕೈಗಳಿಗಿಂತ ‘ಹೌದು’ ಎಂಬ ಚೀಟಿಗಳು ಕಡಿಮೆ ಬಂದವು. ತರಗತಿ ಕೆಲಹೊತ್ತು ಮೌನವಾಗಿತ್ತು, ಆಮೇಲೆ ಒಳ್ಳೆಯ ಚರ್ಚೆ ಆಯಿತು. ಯಾರು ಯಾವ ಚೀಟಿ ಹಾಕಿದರು ಎಂದು ಯಾರೂ ಕೇಳಕೂಡದು ಎಂಬ ನಿಯಮವನ್ನು ಎಲ್ಲರೂ ಪಾಲಿಸಿದರು.

ಮುಂದಿನದು 1996ರ ಫೈಲು. ಅದರ ಪ್ರಶ್ನಾವಳಿಯ ಕನ್ನಡ ಪ್ರತಿಯನ್ನು ತಯಾರಿಸುತ್ತಿದ್ದೇವೆ, ಅರ್ಧ ಆಗಿದೆ. ಜೊತೆಗೆ 2023ರ ವಿಧಾನಸಭಾ ಚುನಾವಣೆಯ ಮತಗಟ್ಟೆವಾರು ಫಲಿತಾಂಶ ಇರುವ ನಮೂನೆ 20ನ್ನು ತಂದು ಪಕ್ಕದಲ್ಲಿಡಬೇಕೆಂದಿದ್ದೇನೆ. ಒಂದು ಮತಗಟ್ಟೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಿತ್ತು ಎಂದು ಅದು ಹೇಳುತ್ತದೆ, ಅಲ್ಲಿನ ಹೆಂಗಸರು ಯಾರಿಗೆ ಹಾಕಿದರು ಎಂದು ಹೇಳುವುದಿಲ್ಲ. ಅದನ್ನು ಊಹಿಸಲು ಹೊರಟರೆ ಏನಾಗುತ್ತದೆ ಎಂಬುದೇ ಮುಂದಿನ ತಿಂಗಳ ಪಾಠ.