ದಡ ಕತ್ತರಿಸಿದ ಫೋಟೋ

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಉಂಟು ಎನ್ನುವ ದೈತ್ಯ ಪ್ರಾಣಿ ನೆಸ್ಸಿ. ಆ ಹೆಸರು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೋ. ಬೂದು ಬಣ್ಣದ ನೀರು, ಅದರಿಂದ ಮೇಲೆದ್ದ ಉದ್ದ ಕತ್ತು, ಸಣ್ಣ ತಲೆ. 1934ರ ಏಪ್ರಿಲಿನಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ಅದನ್ನು ಹಾಕಿತು. ತೆಗೆದವರು ರಾಬರ್ಟ್ ಕೆನೆತ್ ವಿಲ್ಸನ್ ಎಂಬ ಡಾಕ್ಟರು ಎಂದು ಹೇಳಲಾಯಿತು. ಡಾಕ್ಟರು ಸುಳ್ಳು ಹೇಳ್ತಾರಾ? ಜನ ನಂಬಿದರು.

ನಾನು ಕಾಸರಗೋಡಿನ ಬದಿಯಡ್ಕದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಉಪನಯನ, ಒಕ್ಕಲು, ಭೂತಕೋಲ, ಕರೆದಲ್ಲಿಗೆ ಹೋಗುತ್ತೇನೆ. ಆ ಫೋಟೋದಲ್ಲಿ ನನಗೆ ಮೊದಲು ಕಾಣುವುದು ಪ್ರಾಣಿಯಲ್ಲ, ಕತ್ತರಿ. ಊಟದ ಹಂತಿಯ ಹಿಂದೆ ಸಾರಿನ ಬಕೆಟ್ ಬಂದಿದ್ದರೆ ನಾವೂ ಕತ್ತರಿಸುತ್ತೇವೆ. ಆದರೆ ಅಲ್ಲಿ ಕತ್ತರಿಸಿದ್ದು ಆಚೆ ದಡವನ್ನು! ಪೂರ್ತಿ ಫೋಟೋ ಆಮೇಲೆ ಹೊರಗೆ ಬಂತು. ಅದರಲ್ಲಿ ಮೇಲ್ಗಡೆ ದಡ ಉಂಟು, ಸುತ್ತ ಬೇಕಾದಷ್ಟು ನೀರು ಉಂಟು, ನಡುವೆ ಆ ಕತ್ತು ಚೋಟುದ್ದ. ಸುತ್ತಲಿನ ಅಲೆಗಳ ಜೊತೆ ಹೋಲಿಸಿ ನೋಡಿದವರು ಅದು ಎರಡು ಮೂರು ಅಡಿ ಎತ್ತರ ಇದ್ದರೆ ಜಾಸ್ತಿ ಎಂದರು.

ನಿಜ ಕಥೆ ಇನ್ನೂ ತಮಾಷೆ. 1933ರ ಕೊನೆಗೆ ಡೈಲಿ ಮೇಲ್‌ನವರೇ ಮಾರ್ಮಡ್ಯೂಕ್ ವೆದರೆಲ್ ಎಂಬ ಬೇಟೆಗಾರನನ್ನು ನೆಸ್ಸಿ ಹುಡುಕಲು ಕಳಿಸಿದ್ದರು. ಅವನಿಗೆ ದಡದಲ್ಲಿ ದೊಡ್ಡ ಹೆಜ್ಜೆಗುರುತು ಸಿಕ್ಕಿತು. ಮ್ಯೂಸಿಯಮ್ಮಿನವರು ಪರೀಕ್ಷೆ ಮಾಡಿದರೆ ಅದು ನೀರಾನೆಯದು, ಅದೂ ಒಣಗಿಸಿ ಇಟ್ಟ ಕಾಲಿನದು. ವೆದರೆಲ್‌ನ ಮಾನ ಹೋಯಿತು. ಸೇಡು ತೀರಿಸಲು ಅವನು ತನ್ನ ಮಲಮಗ ಕ್ರಿಶ್ಚಿಯನ್ ಸ್ಪರ್ಲಿಂಗ್‌ನಿಂದ ಒಂದು ಗೊಂಬೆ ಮಾಡಿಸಿದ. ಕೆಳಗೆ ಆಟಿಕೆಯ ಸಬ್‌ಮರೀನ್, ಮೇಲೆ ಕತ್ತು ಮತ್ತು ತಲೆ. ನೀರಿಗೆ ಬಿಟ್ಟು ಫೋಟೋ ತೆಗೆದು, ಮರ್ಯಾದಸ್ಥ ಡಾಕ್ಟರ ಕೈಯಿಂದ ಪತ್ರಿಕೆಗೆ ಕೊಡಿಸಿದರು. ಸ್ಪರ್ಲಿಂಗ್ ಇದನ್ನು ಒಪ್ಪಿಕೊಂಡದ್ದು 90 ವರ್ಷದ ಮುದುಕನಾದ ಮೇಲೆ. ಸುದ್ದಿ ಎಲ್ಲರಿಗೂ ಗೊತ್ತಾದದ್ದು 1994ರಲ್ಲಿ.

ಬರೀ ನೀರಿನ ಮೇಲೆ ಒಂದು ವಸ್ತುವಿನ ಗಾತ್ರ ಹೇಳುವುದು ತುಂಬ ಕಷ್ಟದ ಕೆಲಸ. ಪಕ್ಕದಲ್ಲಿ ದೋಣಿಯೋ ಮನುಷ್ಯನೋ ಇದ್ದರೆ ಅಂದಾಜು ಸಿಗುತ್ತದೆ. ಇಲ್ಲದಿದ್ದರೆ ಹತ್ತಿರದ ಬಾತುಕೋಳಿಯೂ ದೂರದ ಆನೆಯೂ ಒಂದೇ.

ಕಳೆದ ಮಳೆಗಾಲದಲ್ಲಿ ಇದು ನಮ್ಮ ಮನೆ ಗ್ರೂಪಿನಲ್ಲೇ ಆಯಿತು. ಭಾವ ಒಂದು ವಿಡಿಯೋ ಹಾಕಿದರು. ಶಿರಿಯಾ ಹೊಳೆಯಲ್ಲಿ ಏನೋ ಕಪ್ಪಗೆ, ಕತ್ತೆತ್ತಿಕೊಂಡು ಹೋಗುತ್ತಿದೆ. ಹಿಂದಿನಿಂದ ಚಂಡೆ ಮದ್ದಳೆ ಬೇರೆ. ನಾನು ಫೋನ್ ಮಾಡಿದೆ.

“ಭಾವ, ಇದರ ಪೂರ್ತಿ ವಿಡಿಯೋ ಉಂಟಾ?”

“ಎಂತ ಮಾರಾಯ, ನಿನಗೆ ಎಲ್ಲದಕ್ಕೂ ಸಂಶಯ. ಅದು ನೀರಿಗೆ ಎದುರಾಗಿ ಹೋಗುವುದು ಕಾಣುವುದಿಲ್ವಾ? ಜೀವ ಇಲ್ಲದ್ದು ಎದುರು ಹೋಗ್ತದಾ?”

ಪ್ರಶ್ನೆ ಒಳ್ಳೆಯದೇ. ವಿಡಿಯೋ ತೆಗೆದ ಹುಡುಗ ಭಾವನ ಪರಿಚಯದವನೇ ಆದ ಕಾರಣ ಮೂಲ ಸಿಕ್ಕಿತು. ಕಂಪ್ಯೂಟರಿನಲ್ಲಿ ನಿಧಾನ ಮಾಡಿ ನೋಡಿದೆ. ತೆಂಗಿನ ಮಡಲು! ಗರಿಗಳೆಲ್ಲ ನೀರು ಕುಡಿದು ಕೆಳಗೆ ಇಳಿದಿವೆ. ಅಗಲ ಬುಡದ ಕೊತ್ತಳಿಗೆ ಮಾತ್ರ ಓರೆಯಾಗಿ ಮೇಲೆ ಎದ್ದಿದೆ. ಅದೇ ತಲೆ. ಚಿಕ್ಕಂದಿನಲ್ಲಿ ನಾವೆಲ್ಲ ಕ್ರಿಕೆಟ್ ಆಡಿದ ಬ್ಯಾಟು. ಇನ್ನು ಎದುರು ಹೋದದ್ದು? ಕಡಲಿಗೆ ಹತ್ತಿರದ ಜಾಗ ಅದು. ಉಬ್ಬರದ ಹೊತ್ತಿಗೆ ಹೊಳೆಯ ನೀರೇ ಹಿಂದೆ ಬರುತ್ತದೆ, ಮಡಲೂ ಜೊತೆಗೆ ಬರುತ್ತದೆ. ಭಾವನಿಗೆ ಎರಡೂ ವಿಷಯ ನನಗಿಂತ ಚೆನ್ನಾಗಿ ಗೊತ್ತು. ತೋಟ ಇರುವುದು ಅವರಿಗೆ, ನನಗಲ್ಲ.

ಅಮೆರಿಕದ ಷಾಂಪ್ಲೇನ್ ಸರೋವರಕ್ಕೂ ಒಂದು ಪ್ರಾಣಿ ಉಂಟು, ಚಾಂಪ್ ಅಂತ. 1977ರಲ್ಲಿ ಸಾಂಡ್ರಾ ಮಾನ್ಸಿ ಎಂಬವರು ತೆಗೆದ ಫೋಟೋ ಅದಕ್ಕೆ ದೊಡ್ಡ ಸಾಕ್ಷಿ. ಆದರೆ ನೆಗೆಟಿವ್ ಇಲ್ಲ. ತೆಗೆದ ಜಾಗ ಯಾವುದೆಂದೂ ಅವರಿಗೆ ತೋರಿಸಲು ಆಗಲಿಲ್ಲ. ನೆಗೆಟಿವ್ ಕಳೆದುಕೊಂಡರೆ ಮದುವೆ ಮನೆಯವರು ನಮ್ಮನ್ನು ಬಿಡ್ತಿದ್ದರಾ?

ಲಾಕ್ ನೆಸ್‌ನಲ್ಲಿ ಹುಡುಕದೆ ಬಿಟ್ಟದ್ದೇನೂ ಅಲ್ಲ. ಸುಮಾರು 36 ಕಿಲೋಮೀಟರ್ ಉದ್ದ, 230 ಮೀಟರ್ ಆಳ, ನೀರು ಚಹಾದ ಹಾಗೆ ಕಂದು. 1987ರಲ್ಲಿ ದೋಣಿಗಳನ್ನು ಸಾಲಾಗಿ ನಿಲ್ಲಿಸಿ, ನೀರಿನಡಿ ಶಬ್ದ ಕಳಿಸಿ ವಸ್ತು ಹುಡುಕುವ ಸೋನಾರ್ ಹಾಕಿ ಜಾಲಾಡಿದರು. 2003ರಲ್ಲಿ ಬಿಬಿಸಿ 600 ಸೋನಾರ್ ಕಿರಣ ಬಿಟ್ಟು ನೋಡಿತು, ಏನೂ ಸಿಗಲಿಲ್ಲ. 2016ರಲ್ಲಿ ಒಂದು ರೋಬೋಟಿಗೆ ತಳದಲ್ಲಿ ಉದ್ದ ಕತ್ತಿನ ಆಕಾರ ನಿಜವಾಗಿಯೂ ಸಿಕ್ಕಿತು. ನೋಡಿದರೆ ಅದು 1969ರಲ್ಲಿ ಸಿನಿಮಾ ಶೂಟಿಂಗಿನವರು ಮುಳುಗಿಸಿಕೊಂಡಿದ್ದ ಡಮ್ಮಿ. 2018ರಲ್ಲಿ ನ್ಯೂಜಿಲೆಂಡಿನ ನೀಲ್ ಗೆಮ್ಮೆಲ್ ತಂಡ ಬೇರೆ ಬೇರೆ ಆಳದ ನೀರು ತೆಗೆದು ಅದರಲ್ಲಿ ಜೀವಿಗಳು ಬಿಟ್ಟ ಡಿಎನ್‌ಎ ನೋಡಿತು. ದೊಡ್ಡ ಸರೀಸೃಪದ ಗುರುತೇ ಇಲ್ಲ. ಹಾವುಮೀನಿನದು ಮಾತ್ರ ಬೇಕಾದಷ್ಟು. ಅಷ್ಟು ಸಾಕಾಯಿತು ನೋಡಿ, ಈಗ ನೆಸ್ಸಿ ಎಂದರೆ ದೈತ್ಯ ಹಾವುಮೀನು ಎನ್ನುವವರು ಹುಟ್ಟಿಕೊಂಡಿದ್ದಾರೆ. ಸಿಕ್ಕಿದ್ದು ಹಾವುಮೀನಿನ ಡಿಎನ್‌ಎ. ಅದರಿಂದ ಮೀನಿನ ಗಾತ್ರ ಗೊತ್ತಾಗುವುದಿಲ್ಲ ಎಂದು ಆ ತಂಡದವರೇ ಹೇಳಿದ್ದಾರೆ.

“ನಿನಗೆ ಯಾವುದರಲ್ಲೂ ನಂಬಿಕೆ ಇಲ್ಲ, ಹಾಗಾದರೆ ಬಬಿಯಾ ಕೂಡ ಸುಳ್ಳಾ?” ಎಂದು ಭಾವ ಕೇಳಿದರು. ಅದೆಂಥ ಮಾತು! ಕುಂಬಳೆ ಹತ್ತಿರದ ಅನಂತಪುರದ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ಇದ್ದದ್ದನ್ನು ನಾನೇ ನೋಡಿದ್ದೇನೆ. ಮೂತಿಯ ತುದಿ, ಎರಡು ಕಣ್ಣು, ಬೆನ್ನಿನ ಏಣು, ಕೆಳಗೆ ಮುರಕಲ್ಲಿನ ಮೆಟ್ಟಿಲು. ಅಳತೆಗೆ ಇನ್ನೇನು ಬೇಕು? 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಸಾವಿರಾರು ಜನ ದೇಹ ನೋಡಿದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದರ ಸರಿಯಾದ ಫೋಟೋಗೆ ನೆಸ್ಸಿಯ ಹಾಗೆ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ.

ಆದರೆ ಇದ್ದ ಪ್ರಾಣಿಯ ಸುತ್ತಲೂ ಕಥೆ ಬೆಳೆಯುತ್ತದೆ. 2020ರಲ್ಲಿ ಬಬಿಯಾ ದೇವಸ್ಥಾನದ ಅಂಗಳಕ್ಕೆ ಬಂದಾಗ ಗರ್ಭಗುಡಿಗೇ ಹೋಯಿತು ಎಂದು ಫೋಟೋ ಜೊತೆ ಬರೆದು ಹಂಚಿದರು. ಹಾಗಲ್ಲ, ಅಂಗಳದವರೆಗೆ ಮಾತ್ರ ಎಂದು ದೇವಸ್ಥಾನದವರೇ ಹೇಳಬೇಕಾಯಿತು. ಬರೀ ಸಸ್ಯಾಹಾರಿ ಎಂಬ ಮಾತೂ ಹಾಗೆಯೇ. ನೈವೇದ್ಯದ ಅನ್ನ ತಿನ್ನುವುದನ್ನು ಕಂಡವರು ಬಹಳ. ರಾತ್ರಿ ನೀರಿನಡಿ ಮೀನು ಹಿಡಿಯುತ್ತಿತ್ತೋ ಇಲ್ಲವೋ ಎಂದು ಕಾದು ಕೂತವರು ಯಾರು? ಆ ಜಾತಿಯ ಮೊಸಳೆಗೆ ಮೀನು ಸಹಜ ಆಹಾರ. ಇದನ್ನು ಹೇಳಿದ್ದಕ್ಕೆ ಅಕ್ಕ ನನ್ನ ಮೇಲೆ ಸಿಟ್ಟು ಮಾಡಿದಳು, ಇರಲಿ.

ನಿಮಗೂ ಕೆರೆಯಲ್ಲೋ ಹೊಳೆಯಲ್ಲೋ ಏನಾದರೂ ಕಂಡರೆ ದಯವಿಟ್ಟು ಝೂಮ್ ಮಾಡಬೇಡಿ. ಫೋನ್ ಅಡ್ಡ ಹಿಡಿಯಿರಿ. ಈಚೆ ದಡವೋ ಆಚೆ ದಡವೋ ಒಂದು ಫ್ರೇಮಿನಲ್ಲಿ ಇರಲಿ. ಅದು ಮುಳುಗಿದ ಮೇಲೂ ಸ್ವಲ್ಪ ಹೊತ್ತು ರೆಕಾರ್ಡ್ ಆಗಲಿ. ಚಂಡೆ ಮದ್ದಳೆ ಸೇರಿಸುವ ಮೊದಲು ನನಗೊಮ್ಮೆ ಕಳಿಸಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಕ್ವಾಲಿಟಿ ಹಾಳಾಗುವುದಿಲ್ಲ.