ಜ್ವರ ಬಂದು ಎಷ್ಟನೇ ದಿನ?

ಚಿಂತಾಮಣಿಯಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮಳೆ ನಿಂತ ಮೇಲೆ ನಮ್ಮಲ್ಲಿ ಜ್ವರದವರದ್ದೇ ಸಾಲು. ಹೋದ ನವೆಂಬರಿನಲ್ಲಿ ಒಬ್ಬ ಹುಡುಗ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಕೈಯಲ್ಲಿ ಕವರ್ ತುಂಬಾ ರಿಪೋರ್ಟು. ಟೈಫಾಯ್ಡಿಗೆ ಮಾಡುವ ವಿಡಾಲ್, ಮಲೇರಿಯಾ, ಡೆಂಗ್ಯೂ ಕಾರ್ಡ್ ಟೆಸ್ಟು, ಎಲ್ಲ ನೆಗೆಟಿವ್. ಪ್ಲೇಟ್‌ಲೆಟ್ ಮಾತ್ರ 80 ಸಾವಿರಕ್ಕೆ ಇಳಿದಿತ್ತು.

"ಇನ್ನೊಂದು ಸಲ ಡೆಂಗ್ಯೂ ಎನ್‌ಎಸ್‌1 ಮಾಡಿಬಿಡಿ ಸಾರ್" ಅಂದ.

"ಜ್ವರ ಯಾವತ್ತು ಶುರುವಾಯ್ತಮ್ಮಾ?" ಎಂದು ಕೇಳಿದೆ. ಹೋದ ವಾರದ ಸಂತೆಗೂ ಮುಂಚೆ ಅಂದರು. ಅಂದರೆ ವಾರ ದಾಟಿತ್ತು. ಎನ್‌ಎಸ್‌1 ಅಂದರೆ ಡೆಂಗ್ಯೂ ವೈರಸ್ಸಿನದೇ ಪ್ರೋಟೀನು; ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ 5 ದಿನ. ಆಮೇಲೆ ಐಜಿಎಂ, ಅಂದರೆ ರೋಗದ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ ನೋಡಬೇಕು. ದಿನ ಕೇಳದೆ ಸುಮ್ನೆ ಕಾರ್ಡಿನ ಮೇಲೆ ಕಾರ್ಡು ಹಾಕಿದರೆ ದುಡ್ಡೂ ಹೋಗುತ್ತೆ, ದಿನವೂ ಹೋಗುತ್ತೆ. ನನಗೆ ಸಂಕಟ ಆಗುವುದು ಅಲ್ಲೇ.

ಆ ತಾಯಿಗೆ ಮನೆಯಲ್ಲಿ ಹಸುಗಳಿದ್ದವು. ದಿನಾ ಕೆರೆ ಏರಿ ಕೆಳಗೆ ಹುಲ್ಲು ಕೊಯ್ಯುತ್ತಿದ್ದರಂತೆ. ಅದನ್ನು ಕೇಳಿದ ಕೂಡಲೇ ಜೊತೆಗಿದ್ದ ನಮ್ಮ ಸಿಸ್ಟರ್‌ಗೆ, ಒಳಗೆ ಕರೆದುಕೊಂಡು ಹೋಗಿ ಮೈ ನೋಡಿ ಎಂದೆ. ಸೊಂಟದಲ್ಲಿ, ಸೀರೆ ಕಟ್ಟುವ ಜಾಗದಲ್ಲಿ, ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇತ್ತು. ನೋವಿಲ್ಲ, ತುರಿಕೆಯಿಲ್ಲ. ಅವರಿಗೇ ಗೊತ್ತಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬಂದು ನೋಡಿ, ಹುಲ್ಲು-ಪೊದೆಯ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರವಿರಬಹುದೆಂದು ಅದರ ಐಜಿಎಂ ಹುಡುಕುವ ಎಲೈಸಾ ಪರೀಕ್ಷೆ ಬರೆದರು. ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಶುರು ಮಾಡಿದರು. ಕಾಯಬಾರದು ಕೂಡ. ತಡವಾದರೆ ಶ್ವಾಸಕೋಶ, ಕಿಡ್ನಿ, ಮೆದುಳಿಗೂ ತೊಂದರೆ ಆಗಬಹುದು. ಎಲೈಸಾ ಪ್ಲೇಟಿನಲ್ಲಿ ಸ್ಯಾಂಪಲ್ ಹಾಕುವ 96 ಪುಟ್ಟ ಕುಳಿ ಇರುತ್ತವೆ. ಒಬ್ಬರ ರಕ್ತಕ್ಕಾಗಿ ಕಿಟ್ ಒಡೆಯುವುದು ಸಣ್ಣ ಲ್ಯಾಬಿಗೆ ಕಷ್ಟ. ಹಾಗಾಗಿ ರಕ್ತದ ತಿಳಿಭಾಗವಾದ ಸೀರಂ ಬೇರೆ ಮಾಡಿ, ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಕಳಿಸಿದೆವು. ಇದೇ ರೋಗಕ್ಕೆ ವೀಲ್-ಫೆಲಿಕ್ಸ್ ಎಂಬ ಹಳೆಯ ಪರೀಕ್ಷೆಯನ್ನು ನಮ್ಮಲ್ಲೇ ಮಾಡಬಹುದಿತ್ತು, ಅಗ್ಗ. ಆದರೆ ರೋಗ ಇದ್ದರೂ ಅದರಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದೆ.

"ಹಸುವಿನ ಮೈಮೇಲೆ ಉಣ್ಣೆ ಹುಳ ಇದೆ ಸಾರ್, ಅದೇ ಕಚ್ಚಿತಾ?" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ ಅಲ್ವಾ? ಉಣ್ಣೆಯಿಂದ ಬರುವುದು ಮಲೆನಾಡಿನ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಅದರ ಪರೀಕ್ಷೆಯೇ ಬೇರೆ. ಸ್ಕ್ರಬ್ ಟೈಫಸ್ ತರುವುದು ಹುಲ್ಲು, ಪೊದೆಗಳಲ್ಲಿರುವ ಚಿಗ್ಗರ್ ಎಂಬ ನುಸಿಮರಿ. 1 ಮಿಲಿಮೀಟರೂ ಇಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಇಲಿಗಳಿರುವ ಕಡೆ ಜಾಸ್ತಿ.

ಪಾಸಿಟಿವ್ ಎಂದು ರಿಪೋರ್ಟ್ ಬರುವ ಹೊತ್ತಿಗೆ ಆ ತಾಯಿಯ ಜ್ವರ ಇಳಿದಿತ್ತು. ಆ ವಾರವೇ ನಮ್ಮ ಫಾರಂನಲ್ಲಿ ಹೆಸರು, ವಯಸ್ಸಿನ ಕೆಳಗೆ ಎರಡು ಸಾಲು ಸೇರಿಸಿ ಪ್ರಿಂಟ್ ಹಾಕಿಸಿದೆವು: ಜ್ವರ ಶುರುವಾದ ದಿನ, ಮಾಡುವ ಕೆಲಸ.